ಕೆಂಪು ಬಲ್ಬಿನ ಕೆಳಗೆ ಹಾಗಲಕಾಯಿ

ನೀವು ಇದನ್ನು ನಂಬುವುದಿಲ್ಲ, ನಂಬಬೇಡಿ. ಬೇರೆಯವರ ಅಮ್ಮಂದಿರು ಹಾಗಲಕಾಯಿಗೆ ಉಪ್ಪು ಸವರಿ, ಹಿಂಡಿ, ಎರಡು ಅಚ್ಚು ಬೆಲ್ಲ ಹಾಕಿ ಗೊಜ್ಜು ಮಾಡಿ, ಕಹಿ ಹೋಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ನನ್ನ ಅಮ್ಮ ಅದಕ್ಕೆಂದೇ ಎಂಎಸ್ಸಿ ಓದಿ, ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನಷ್ಟೆತ್ತರದ ಗಾಜಿನ ಕೊಳವೆ ನಿಲ್ಲಿಸಿಕೊಂಡು, ನಾನು ಹೈಸ್ಕೂಲು ಮುಗಿಸಿ ಕಾಲೇಜು ಸೇರುವವರೆಗೂ ಅದೊಂದೇ ಕಹಿಯ ಬೆನ್ನು ಹತ್ತಿದ್ದಳು.

ಆ ಕೊಳವೆಗೆ ಲ್ಯಾಬಿನವರೆಲ್ಲ ಕಾಲಂ ಅನ್ನುತ್ತಾರೆ. ಅದರ ತುಂಬ ಸಾಸಿವೆ ಕಾಳಿನಂಥ ಮಣಿಗಳು. ಮೇಲಿನಿಂದ ಹಾಗಲಕಾಯಿಯ ಸಾರ ಸುರಿದರೆ ಕಹಿ ಮಣಿಗಳಿಗೆ ಅಂಟಿಕೊಂಡು, ಉಳಿದದ್ದು ಕೆಳಗೆ ತೊಟ್ಟಿಕ್ಕಬೇಕು. ಆದರೆ ಮಣಿಗಳು ಬಾಗಲಗುಂಟೆಯ ಸಿಟಿ ಬಸ್ಸಿದ್ದ ಹಾಗೆ. ಮನಸ್ಸು ಬಂದರೆ ಹತ್ತಿಸಿಕೊಳ್ಳುತ್ತವೆ, ಇಲ್ಲದಿದ್ದರೆ ಸ್ಟಾಪಿನಲ್ಲೇ ಬಿಟ್ಟು ಹೋಗುತ್ತವೆ. ಒಣ ಹಾಗಲಕಾಯಿಯ ಪುಡಿ ಅಮ್ಮನ ಕೂದಲಲ್ಲಿ, ದುಪಟ್ಟಾದಲ್ಲಿ, ಉಗುರ ಸಂದಿಯಲ್ಲಿ ಕೂತು ಮನೆಗೆ ಬರುತ್ತಿತ್ತು. ಅವಳು ಕಲಸಿದ ಚಪಾತಿ ಕಹಿ, ಬೆರೆಸಿದ ಕಾಫಿ ಕಹಿ. ಅವಳನ್ನು ಕಚ್ಚಿದ ಸೊಳ್ಳೆಯೊಂದು ಗೋಡೆಗೆ ಹೋಗಿ ಥೂ ಎಂದು ಉಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಕ್ಕರೆ ಕಾಯಿಲೆಯವರಿಗೆ ಬಿಸ್ಕತ್ತು ಮಾಡುವ ಕಂಪನಿಯೊಂದಕ್ಕೆ ಕಹಿಯಿಲ್ಲದ ಹಾಗಲಕಾಯಿ ಬೇಕಾಗಿತ್ತು. ಅವರು ಸೋಮವಾರ ರುಚಿ ನೋಡಲು ಬರುವುದೆಂದಿತ್ತು. ಅಮ್ಮನ ಮಾಲೀಕ ಮೊದಲೇ ಹೇಳಿಬಿಟ್ಟಿದ್ದ: ಅವರು ಒಪ್ಪಿದರೆ ಲ್ಯಾಬ್ ಉಳಿಯುತ್ತದೆ, ಒಪ್ಪದಿದ್ದರೆ ಆ ಜಾಗ ಒಣಗಿದ ಎಲೆ ಮೂಟೆಗಳಿಗೆ ಗೋಡೌನು.

ತೊಂದರೆಯೆಂದರೆ, ವರ್ಷಗಟ್ಟಲೆ ಕಹಿ ನೆಕ್ಕಿ ನೆಕ್ಕಿ ಅಮ್ಮನ ನಾಲಿಗೆ ಚಪ್ಪಲಿಯ ಅಟ್ಟೆಯಾಗಿತ್ತು. ಹಾಗಾಗಿ ಶನಿವಾರ ಎರಡು ಬಾಟಲಿ ಮನೆಗೆ ತಂದಳು. ಒಂದರಲ್ಲಿ ಹಸಿ ಸಾರ, ಇನ್ನೊಂದರಲ್ಲಿ ಕಾಲಂನಿಂದ ಇಳಿದದ್ದು. ಯಾವುದು ಯಾವುದೆಂದು ಹೇಳಲಿಲ್ಲ. ಬಾಯಿ ಮುಕ್ಕಳಿಸಬೇಕು, ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು ಎಂದು ಪರೀಕ್ಷಾ ಹಾಲಿನ ಮೇಡಂ ಥರ ನಿಂತಳು.

ಆದರೆ ಲ್ಯಾಬಿನಲ್ಲಿ ಅವರು ಇದನ್ನು ಕೆಂಪು ಬಲ್ಬಿನ ಕೆಳಗೆ ಮಾಡುತ್ತಾರೆ, ಬಣ್ಣ ಕಾಣಬಾರದೆಂದು. ನಮ್ಮ ಹಾಲಿನಲ್ಲಿ ಉರಿಯುತ್ತಿದ್ದದ್ದು ಟ್ಯೂಬ್‌ಲೈಟು. ಹಸಿ ಸಾರ ಪಾಚಿಗಟ್ಟಿದ ಸಂಪಿನ ನೀರಿನಂತೆ ಕಡು ಹಸಿರು, ಇನ್ನೊಂದು ತೆಳ್ಳಗಿನ ಟೀ. ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಅಚ್ಚಾಗಿತ್ತು. ಹೊರಗಿನವರಾಗಿದ್ದರೆ ಅಮ್ಮ ಬಾಟಲಿಗೆ ಕಾಗದ ಸುತ್ತುತ್ತಿದ್ದಳೋ ಏನೋ. ಮನೆಯವರು ಎಂದು ಬಿಟ್ಟಳು.

ಅಪ್ಪ ಹಸಿರನ್ನು ನೆಕ್ಕಿ ಹುಬ್ಬು ಗಂಟಿಕ್ಕಿದ. ಟೀಯನ್ನು ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡೇ, "ಏನೂ ಇಲ್ವಲ್ಲೇ ಇದ್ರಲ್ಲಿ!" ಅಂದ.

ಸೊಸೆಯ ಸಾರಿನಲ್ಲಿ ಸದಾ ಒಂದು ಕಲ್ಲು ಉಪ್ಪಿನ ತಪ್ಪು ಹುಡುಕುವ ದಾವಣಗೆರೆಯ ನಮ್ಮಜ್ಜಿ, ಟೀ ಬಣ್ಣದ ಅದೇ ಸಾರವನ್ನು ನೆಕ್ಕಿ, "ಕಹಿ ಎಲ್ಲೈತವ್ವಾ? ಪಾನಕ ಆಗೇತಿ!" ಅಂದಳು. ಆಮೇಲೆ ಸೆರಗಿನಲ್ಲಿ ನಾಲಿಗೆ ಒರೆಸಿಕೊಂಡಳು.

ನಾನೂ ನೆಕ್ಕಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆ ತುಳಿತಕ್ಕೆ ನನ್ನ ಹೆಬ್ಬೆರಳು ಮೊಬೈಲಿನಷ್ಟು ಚಪ್ಪಟೆಯಾಯಿತು. "ಸೂಪರ್, ಅಮ್ಮ," ಅಂದೆ. ನಮ್ಮ ಮನೆಯಲ್ಲಿ ಪ್ರೀತಿ ತೋರಿಸುವ ವಿಧಾನವೇ ಇದು. ಎಲ್ಲರೂ ಸೇರಿ ಒಂದೇ ಸುಳ್ಳು ಹೇಳುವುದು.

ಅಮ್ಮ ಅಲ್ಲೇ ನಿಂತು ಮಾಲೀಕನಿಗೆ ಫೋನು ಮಾಡಿ, "ಬರ್ಲಿ ಸಾರ್, ರೆಡಿ ಇದೆ," ಅಂದಳು. ಆ ಸಂಜೆ ಸೋಮವಾರಕ್ಕೆಂದು ಇಳಕಲ್ ಸೀರೆ ಇಸ್ತ್ರಿ ಮಾಡುತ್ತಾ, ಏನೋ ಗುನುಗುತ್ತಿದ್ದಳು. ಅಮ್ಮ ಗುನುಗುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯ ಅಕ್ಕತಂಗಿಯರು ಬಂದರು. ಇಬ್ಬರೂ ನನ್ನ ಕಾಲೇಜು. ಅಮ್ಮನ ಲ್ಯಾಬಿನಲ್ಲಿ ಸೀಕ್ರೆಟ್ ಏಜೆಂಟುಗಳ ಥರ ಕೆಂಪು ಬೆಳಕಿನಲ್ಲಿ ರುಚಿ ನೋಡುತ್ತಾರೆಂದು ನಾನು ಕೊಚ್ಚಿಕೊಂಡಿದ್ದೆ.

"ಬಿಲ್ಡಪ್ ಸಾಕು ಕಣೇ, ತೋರ್ಸು," ಅಂದಳು ದೊಡ್ಡವಳು.

ಅಮ್ಮ ಟೆರೇಸಿನಲ್ಲಿ ಬಟ್ಟೆ ತೆಗೆಯಲು ಹೋಗಿದ್ದಳು. ನಾನು ಬಾಟಲಿಗಳನ್ನು ತೆಗೆದುಕೊಂಡು ಇಬ್ಬರನ್ನೂ ದೇವರ ಕೋಣೆಗೆ ತಳ್ಳಿ ಬಾಗಿಲು ಮುಚ್ಚಿದೆ. ಅಲ್ಲಿ ಅಜ್ಜಿಯ ಶಿವನ ಮೇಲೆ ಹಗಲೂ ರಾತ್ರಿ ಒಂದು ಕೆಂಪು ಬಲ್ಬು ಉರಿಯುತ್ತದೆ. ಅದರ ಕೆಳಗೆ ಎರಡು ಬಾಟಲಿಯೂ ಒಂದೇ ಕಪ್ಪು. ನಾನು ಭೂತದ ದನಿಯಲ್ಲಿ, "ಒಂದು ಅಮೃತ, ಒಂದು ವಿಷ. ಯಾವುದು ಯಾವುದು ಹೇಳ್ರೇ," ಅಂದೆ.

ದೊಡ್ಡವಳು ಮೊದಲನೆಯದನ್ನು ನೆಕ್ಕಿ, "ಅಯ್ಯಪ್ಪಾ!" ಅಂದಳು. ಎರಡನೆಯದನ್ನು ನೆಕ್ಕಿ, "ಥೂ, ಇದೂ ವಿಷಾನೇ!" ಅಂತ ಕಿರುಚಿದಳು. ಚಿಕ್ಕವಳು ವಿಭೂತಿ ಬಟ್ಟಲಿನ ಪಕ್ಕ ಉಗಿಯಲು ಹೋದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, ನಿನ್ನೆ ಅಪ್ಪ ಕಣ್ಣೀರು ನುಂಗಿದ್ದನ್ನು, ಅಜ್ಜಿ ಪಾನಕ ಅಂದದ್ದನ್ನು ಆಕ್ಟ್ ಮಾಡಿ ತೋರಿಸಿದೆ.

ಬಾಗಿಲು ತೆರೆಯಿತು. ತೋಳಿನ ತುಂಬ ಬಟ್ಟೆ ಹೊತ್ತು ಅಮ್ಮ ನಿಂತಿದ್ದಳು.

ಬೈಯಲಿಲ್ಲ. ಬಲ್ಬು ನೋಡಿದಳು. ಬಟ್ಟೆಯನ್ನು ನೆಲಕ್ಕೆ ಹಾಕಿ, ಬಾಟಲಿಗಳನ್ನು ಬೆನ್ನ ಹಿಂದೆ ಅದಲುಬದಲು ಮಾಡಿ ಮುಂದೆ ಹಿಡಿದಳು. "ನೀರು ಕುಡ್ದು ಇನ್ನೊಂದ್ಸಲ ನೋಡು ಪುಟ್ಟಾ. ಯಾವ್ದು ಜಾಸ್ತಿ ಕಹಿ?"

ದೊಡ್ಡವಳು ನನ್ನ ಮುಖ ನೋಡಿದಳು.

"ಅವಳನ್ನ ನೋಡ್ಬೇಡ. ಹೇಳು."

"ಎರಡೂ ಸೇಮ್, ಆಂಟಿ."

ಅಮ್ಮ ಹಾಲಿಗೆ ಬಂದಳು. ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದ.

"ಬಣ್ಣ ನೋಡಿ ಹೇಳಿದ್ರಾ?"

ಅಪ್ಪ ರಿಮೋಟು ನೋಡುತ್ತಾ ಕೂತ. ಅಜ್ಜಿಯೇ, "ನೀ ಇಷ್ಟು ವರ್ಸ ಒದ್ದಾಡಿದ್ದು ಕಂಡೀವಿ. ಹೆಂಗವ್ವಾ ಕಹಿ ಅನ್ನೂದು?" ಅಂದಳು.

"ಕಹಿ ಅನ್ಬೇಕಿತ್ತು ಅತ್ತೆ. ನಾನು ಕೇಳಿದ್ದು ಅದೊಂದೇ."

ಆಮೇಲೆ ಫೋನು ತೆಗೆದುಕೊಂಡಳು. "ಸಾರ್, ನಾಳೆ ಅವ್ರಿಗೆ ಬರೋದು ಬೇಡ ಅಂತ ಹೇಳ್ಬಿಡಿ. ಕಹಿ ಹೋಗಿಲ್ಲ." ಆ ಕಡೆ ಮಾಲೀಕ ಮಾತಾಡುತ್ತಲೇ ಇದ್ದ. ಅಮ್ಮ ಇಸ್ತ್ರಿಯಾದ ಸೀರೆಯ ಮಡಿಕೆಯನ್ನು ಬೆರಳಲ್ಲಿ ಒತ್ತುತ್ತಾ ಕೇಳಿಸಿಕೊಂಡಳು.

"ಜಾಗ ಖಾಲಿ ಮಾಡೋಕೆ ಬೇರೆಯವ್ರು ಬೇಡ ಸಾರ್," ಅಂದಳು ಕೊನೆಗೆ. "ಕಾಲಂ ನಾನೇ ಬಿಚ್ಚಿಡ್ತೀನಿ."