ಕಾಯಿಸಿ ಆರಿಸಿದ ನೀರು

ಆಗೆಲ್ಲ ಗೌನಿಪಲ್ಲಿ ಕಡೆ ಮಾವಿನ ಕಾಲ ಬಂತೆಂದರೆ ಮಕ್ಕಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಕಾಯಿಗೆ ಉಪ್ಪುಖಾರ ಹಚ್ಚಿಕೊಂಡು, ಸೊನೆ ತಾಗಿ ತುಟಿಯಂಚು ಸುಟ್ಟರೂ ಬಿಡದೆ ತಿನ್ನುತ್ತಿದ್ದೆವು. ನಾನು ಮಾತ್ರ ಬಾಯಿಗೆ ಅಂಗೈ ಅಡ್ಡ ಹಿಡಿದು ತಿನ್ನುತ್ತಿದ್ದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ಅಮ್ಮ ಊರಿನ ನರ್ಸು. ಮನೆಮನೆಗೆ ಹೋಗಿ, ಹಲ್ಲುಜ್ಜಿ, ಕೈ ತೊಳೆಯಿರಿ, ಬಾವಿ ನೀರು ಬಿಟ್ಟು ಬೋರ್‌ವೆಲ್ ನೀರು ಕಾಯಿಸಿ ಕುಡಿಯಿರಿ ಎಂದು ಹೇಳುವುದು ಅವಳ ಕೆಲಸ. ಅವಳ ಹಲ್ಲುಗಳೂ ಹಾಲಿನಂತೆ ಬೆಳ್ಳಗೆ. ಅಂಥವಳ ಮಗಳ ಬಾಯಿ ಹೀಗೆ! ಪಕ್ಕದ ಮನೆಯ ಅಜ್ಜಿ ಕಂಡಾಗಲೆಲ್ಲ ತೆಲುಗಿನಲ್ಲಿ, "ಏಮ್ಮಾ, ಪಂಡ್ಲು ತೋಮುಕೋಲೇದಾ?" ಎನ್ನುತ್ತಿದ್ದಳು. ಹಲ್ಲುಜ್ಜದೆ ಏನು? ಇದ್ದಿಲು, ಉಪ್ಪು, ಕೊನೆಗೆ ಇಟ್ಟಿಗೆ ಪುಡಿ ಹಾಕಿ ವಸಡಿನಲ್ಲಿ ರಕ್ತ ಬರುವವರೆಗೂ ಉಜ್ಜುತ್ತಿದ್ದೆ. ಅದರ ಮೇಲೆ ಅಮ್ಮನ ಪೆಟ್ಟು ಬೇರೆ. "ಊರಿಗೆಲ್ಲ ಬುದ್ಧಿ ಹೇಳ್ತೀನಿ, ನೀನು ನನ್ನ ಮಾನ ಕಳೀತೀಯಲ್ಲೇ!"

ಒಂದು ಬೇಸಿಗೆಯಲ್ಲಿ ಅಮ್ಮ ನನ್ನನ್ನು ಕೋಲಾರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ಒಳಗೆ ಅವರು ಅವಳಿಗೆ ಏನೋ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, ಮನೆಯಿಂದ ತಂದಿದ್ದ ಕಾಯಿಸಿದ ನೀರನ್ನೆಲ್ಲ ಕಿಟಕಿಯಾಚೆ ಚೆಲ್ಲಿಬಿಟ್ಟಳು.

ಮುಂದಿನ ವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಒಳಗೆ ಕೂಸುಗಳನ್ನೆತ್ತಿಕೊಂಡ ಹೆಂಗಸರು, ಕಿಟಕಿಯಲ್ಲಿ ನನ್ನ ಗೆಳತಿಯರು.

"ಬೋರ್‌ವೆಲ್ ನೀರು ಮಕ್ಕಳಿಗೆ ಕುಡಿಸ್ಬೇಡಿ. ಅದ್ರಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲು ಮೂಳೆ ಎಲ್ಲಾ ಕೆಡುತ್ತೆ. ತೋಟದ ಬಾವಿ ನೀರೇ ಕಾಯಿಸಿ ಕೊಡಿ" ಎಂದಳು ಅಮ್ಮ.

"ಬೋರ್‌ವೆಲ್ ನೀರೇ ಒಳ್ಳೇದು ಅಂತ ನೀವೇ ಹೇಳಿದ್ರಲ್ಲಮ್ಮಾ? ಅದನ್ನೇ ಕಾಯಿಸಿದ್ರಾಯ್ತು ಬಿಡಿ" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಅಮ್ಮ ನನ್ನನ್ನು ಹತ್ತಿರ ಕರೆದಳು. "ಬಾಯಿ ತೆಗಿ." ನಾನು ತುಟಿ ಬಿಗಿಹಿಡಿದೆ. ಸ್ಪಿರಿಟ್ ವಾಸನೆಯ ಹೆಬ್ಬೆರಳಿನಿಂದ ಅವಳೇ ನನ್ನ ಮೇಲ್ತುಟಿ ಎತ್ತಿ ಹಿಡಿದಳು.

"ನೋಡ್ರಮ್ಮಾ. ಹುಟ್ಟಿದಾಗಿಂದ ಕಾಯಿಸಿ, ಆರಿಸಿ, ಸೋಸಿ ಕುಡಿಸ್ದೆ. ಕಾಯಿಸಿದ್ರೆ ಇದು ಹೋಗಲ್ಲ. ಹಲ್ಲುಜ್ಜಲ್ಲ ಅಂತ ಇವಳನ್ನ ಹೊಡ್ದೆ. ತಪ್ಪು ಇವಳದಲ್ಲ, ನಂದು. ನರ್ಸಾಗಿ ನಂಗೇ ಗೊತ್ತಿರ್ಲಿಲ್ಲ."

ಯಾರೂ ನಗಲಿಲ್ಲ. ಆದರೆ ಅಮ್ಮನ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಸಂತೆಯಲ್ಲಿ ದನದ ಹಲ್ಲು ನೋಡುವಂತೆ ಊರೇ ನನ್ನ ಬಾಯಿ ನೋಡುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ವರ್ಷದ ಮಾವು ಮುಗಿಯುವವರೆಗೂ ನಾನು ಆಟಕ್ಕೆ ಹೋಗಲಿಲ್ಲ, ಅಮ್ಮನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಈಗ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ. ಅಂದು ಅಮ್ಮನ ಮಾತು ಕೇಳಿದ ಮನೆಗಳ ಕೂಸುಗಳು ತಮ್ಮ ಮದುವೆ ಫೋಟೋಗಳಲ್ಲಿ ಬಿಳಿ ಹಲ್ಲು ಬಿಟ್ಟು ನಗುತ್ತಿದ್ದಾರೆ. ನಾನೂ ಹಲ್ಲುಗಳಿಗೆ ಬಿಳಿ ಹೊದಿಕೆ ಹಾಕಿಸಿಕೊಂಡಿದ್ದೇನೆ, ಧಾರಾಳವಾಗಿ ನಗಬಲ್ಲೆ. ನೋಡಲು ಅಮ್ಮ ಇಲ್ಲ.

ಅವಳ ಜೊತೆ ತೆಗೆಸಿಕೊಂಡ ಒಂದು ಫೋಟೋದಲ್ಲೂ ನಾನು ಬಾಯಿ ತೆರೆದಿಲ್ಲ. ಮೊನ್ನೆ ಆ ಫೋಟೋಗಳನ್ನೆಲ್ಲ ಹರಡಿಕೊಂಡು ಕೂತಿದ್ದಾಗ ಗಮನಿಸಿದೆ: ನನ್ನ ಪಕ್ಕದಲ್ಲಿ ನಿಂತ ಅಮ್ಮನೂ ತೆರೆದಿಲ್ಲ.