ನಾನು ‘ಆಗಲಿ’ ಅನ್ನುವವರೆಗೆ

ಕಲ್ಯಾಣದುರ್ಗದ ನಮ್ಮ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಓರಗಿತ್ತಿಗೆ ಕೊಟ್ಟಾಗ, ವಾಪಸ್ಸು ಯಾವಾಗ ಎಂದು ಅವಳು ಕೇಳಿದಳು. ಗೊತ್ತಿಲ್ಲ ಅಂದೆ. ನಲವತ್ತು ದಾಟಿದ ಮೇಲೆ ಮೊದಲ ಸಲ ಆ ಮಾತನ್ನು ಆಡಿದ್ದು. ಹೇಳಿ ಮುಗಿಸಿದ ಮೇಲೂ ಬಾಯಿ ಸಿಹಿಯಾಗಿತ್ತು.

ನಮಗೆ ಮಕ್ಕಳಿಲ್ಲ. ಊರಿನಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿ ಅಂದರೆ ಎಲ್ಲರ ಮನೆಗೂ ಬಿಟ್ಟಿ ಆಳು. ಯಾರನ್ನಾದರೂ ಅನಂತಪುರದ ಆಸ್ಪತ್ರೆಗೆ ಸೇರಿಸಿದರೆ ರಾತ್ರಿ ಕಾಯಲು ನಾವು. ಯಾರದಾದರೂ ಮದುವೆಯಾದರೆ ಉಗ್ರಾಣದ ಬೀಗದ ಕೈ ನನ್ನ ಸೊಂಟಕ್ಕೆ. ‘ಅವರಿಗೇನು, ಮಕ್ಕಳೇ ಮರಿಯೇ’ ಎಂದು ನಮ್ಮೆದುರಿಗೇ ಹೇಳುತ್ತಿದ್ದರು, ಅದೂ ಪ್ರೀತಿಯಿಂದಲೇ. ಸಿಟ್ಟು ಮಾಡಿಕೊಳ್ಳಲೂ ಜಾಗ ಬಿಡುತ್ತಿರಲಿಲ್ಲ. ಹದಿನೆಂಟು ವರ್ಷ ನಾನು ಹಲ್ಲು ಕಚ್ಚಿಕೊಂಡು ನಗುತ್ತಾ ಓಡಾಡಿದೆ.

ನನ್ನ ಗಂಡ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳಲು ಶುರು ಮಾಡಿದವರು ಆಮೇಲೂ ಬಿಡಲಿಲ್ಲ. ಎಲ್ಲೆಲ್ಲಿಯದೋ ದೇಶದ ಮಕ್ಕಳು ಅವರ ಶಿಷ್ಯರಾದರು. ಒಂದು ದಿನ ಫೋನಿನಲ್ಲಿ ಯಾರೋ ಸಮುದ್ರದ ದಂಡೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವುದನ್ನು ತೋರಿಸಿದರು. ಇವರಿಗೆ ಮನೆ ಮಠ ಏನೂ ಇಲ್ಲವಂತೆ, ಮೂರು ತಿಂಗಳಿಗೊಂದು ದೇಶವಂತೆ, ನಾವೂ ಹೋಗೋಣವಾ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ.

ನನ್ನ ಕೆಲಸವೂ ಲ್ಯಾಪ್‌ಟಾಪಿನದೇ. ನಾನು ಹಿಂದೂಪುರದ ನೇಕಾರರ ಮನೆಯ ಮಗಳು, ಸೀರೆಯ ಡಿಸೈನು ಬರೆಯುವವಳು. ನನ್ನಪ್ಪ ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬಿ ಅಂಚು, ಬುಟ್ಟಾ, ಸೆರಗು ಬರೆಯುತ್ತಿದ್ದ. ಈಗ ನಾನು ಅದನ್ನೇ ಕಂಪ್ಯೂಟರಿನಲ್ಲಿ ಬರೆದು ಫೋನಿನಲ್ಲಿ ಕಳಿಸಿದರೆ, ನೇಕಾರರು ಅದನ್ನು ಪೆನ್ ಡ್ರೈವಿಗೆ ಹಾಕಿ ಮಗ್ಗದ ಮೇಲಿನ ಪೆಟ್ಟಿಗೆಗೆ ಚುಚ್ಚುತ್ತಾರೆ. ಇಂಥ ಕೆಲಸವನ್ನು ಚಂದ್ರನ ಮೇಲೆ ಕೂತೂ ಮಾಡಬಹುದು ಎಂದು ನನ್ನ ಗಂಡ ಹೇಳುತ್ತಿದ್ದರು. ಅವರಿಗೆ ನಮ್ಮ ನೇಕಾರರ ಬೀದಿಯ ಪದ್ಧತಿ ಗೊತ್ತಿತ್ತು, ಆದರೆ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪದ್ಧತಿ ಏನೆಂದರೆ, ಹೊಸ ಡಿಸೈನು ಮಗ್ಗಕ್ಕೆ ಏರಿದಾಗ ನೇಕಾರ ಮೊದಲ ಗೇಣು ನೇಯ್ದು ಕೈ ಎತ್ತುತ್ತಾನೆ. ಡಿಸೈನು ಬರೆದವರು ಬಂದು ಅದನ್ನು ನೋಡಿ, ಆ ಗೇಣಿನ ಮೇಲೆ ಬಲಗೈ ಇಟ್ಟು ‘ಆಗಲಿ’ ಅನ್ನಬೇಕು. ಅಲ್ಲಿಯವರೆಗೆ ಲಾಳಿ ಆಡುವುದಿಲ್ಲ. ಅಪ್ಪ ಇದ್ದಷ್ಟು ದಿನ ಅಪ್ಪನ ಕೈ, ಆಮೇಲೆ ನನ್ನದು. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಮೇಲೂ ಒಂದೊಂದು ಹೊಸ ಡಿಸೈನಿಗೆ ಒಂದೊಂದು ಸಲ ಬಸ್ಸು ಹತ್ತಿ, ಪೆನುಕೊಂಡದ ಮೇಲೆ ಹಿಂದೂಪುರಕ್ಕೆ ಹೋಗಿ, ಕೈ ಇಟ್ಟು, ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಿದ್ದೆ. ಬೇರೆ ನೇಕಾರರು ಕಾಲಕ್ರಮೇಣ ಫೋಟೋ ಕಳಿಸಿ ನನ್ನಿಂದ ‘ಸರೇ’ ಅನ್ನಿಸಿಕೊಳ್ಳಲು ಒಪ್ಪಿಕೊಂಡರು. ಒಪ್ಪದೆ ಉಳಿದವರು ನನ್ನ ಸೋದರಮಾವ ಒಬ್ಬರೇ. ಅಪ್ಪ ಹೋದಾಗ ನಮ್ಮನ್ನು ಎತ್ತಿ ನಿಲ್ಲಿಸಿದ್ದೂ ಅವರೇ. ಹಾಗಾಗಿ ಅವರಿಗೆ ನಾನು ಬಾಯಿ ತೆರೆದು ಬೇಡ ಅನ್ನುವಂತಿರಲಿಲ್ಲ.

ಹೊರಡುವ ಸುದ್ದಿ ಹೇಳಲು ಹೋದಾಗ ಮಾವ ಅಡ್ಡ ಮಾತಾಡಲಿಲ್ಲ. ನನಗೆ ಒಳಗೊಳಗೇ ಖುಷಿ. ಇನ್ನು ಇವರಿಗೂ ಬೇರೆ ದಾರಿಯಿಲ್ಲ, ಫೋಟೋ ಸಾಕು ಅಂತಾರೆ ಅಂದುಕೊಂಡೆ. ಅವರು ಸ್ವಲ್ಪ ಹೊತ್ತು ಲಾಳಿಯ ಕಂಡೆಗೆ ನೂಲು ಸುತ್ತುತ್ತಾ ಕೂತಿದ್ದು, ಆಮೇಲೆ ದಾರಿ ಕಂಡುಹಿಡಿದರು. ಅವರು ವಿಡಿಯೋ ಕಾಲ್ ಮಾಡಿ ಗೇಣನ್ನು ತೋರಿಸುವುದು. ನಾನು ನೋಡಿದ ಮೇಲೆ ಅವರ ಫೋನನ್ನು ಆ ಗೇಣಿನ ಮೇಲೆ ಮಲಗಿಸುವುದು. ಆಗ ಅಲ್ಲಿ ನಾನು ನನ್ನ ಫೋನಿನ ಮೇಲೆ ಅಂಗೈ ಇಟ್ಟು ‘ಆಗಲಿ’ ಅನ್ನುವುದು. ನಾನು ನಕ್ಕುಬಿಟ್ಟೆ. ಮಾವನ ಹೆಂಡತಿ, ನಮ್ಮತ್ತೆಯೂ ಒಲೆ ಮುಂದೆ ಕೂತು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮಾವ ಮಾತ್ರ ನಗಲಿಲ್ಲ.

ವಿಯೆಟ್ನಾಮಿನಲ್ಲಿ ನಾವು ಹಿಡಿದ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಮ್ಮ ಕಡೆ ಕೆರೆ ತುಂಬಿದರೇ ನೋಡಲು ಜನ ಹೋಗುತ್ತಾರೆ, ಇಲ್ಲಿ ಹಾಸಿಗೆಯ ಮೇಲಿಂದಲೇ ಸಮುದ್ರ. ನನ್ನ ಗಂಡ ಬಾಡಿಗೆ ಸ್ಕೂಟರ್ ತೆಗೆದುಕೊಂಡು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಪಾಠಕ್ಕೆ ಬರುತ್ತಿದ್ದರು. ಒಂದು ತಿಂಗಳಲ್ಲಿ ಕಪ್ಪಗೆ ಮಿರಮಿರ ಮಿಂಚತೊಡಗಿದರು. ನಾನು ಬೆಳ್ಳಗಾದೆ. ಯಾಕೆಂದರೆ ಮಾವನ ಗೇಣು ಯಾವ ಹೊತ್ತಿಗೆ ಮುಗಿಯುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ. ಕರೆಂಟು ಹೋಗಬಹುದು, ಎಳೆ ಕಡಿಯಬಹುದು, ಯಾರೋ ನೆಂಟರು ಬಂದು ಕೂರಬಹುದು. ಮುಗಿದ ಗಳಿಗೆಯಲ್ಲಿ ನಾನು ಸಿಗಬೇಕು. ಕೋಣೆಯಲ್ಲಿ ಸಿಗ್ನಲ್ ಚೆನ್ನಾಗಿತ್ತು, ದಂಡೆಯಲ್ಲಿ ಇರಲಿಲ್ಲ. ಹಾಗಾಗಿ ನಾನು ಕಿಟಕಿಯಲ್ಲಿ ಕೂತು ಸಮುದ್ರ ನೋಡಿದೆ.

ಆ ಬೀದಿಯ ಕಾಫಿ ಅಂಗಡಿಯಲ್ಲಿ ನಮ್ಮ ಹಾಗೇ ಲ್ಯಾಪ್‌ಟಾಪು ಹೊತ್ತುಕೊಂಡು ದೇಶ ಸುತ್ತುವವರು ಸೇರುತ್ತಿದ್ದರು. ಎಲ್ಲರೂ ಮುಂದೆ ಯಾವ ಊರು ಎಂದು ಮಾತಾಡಿಕೊಳ್ಳುತ್ತಿದ್ದರು. ನಿಮ್ಮ ಮಾಲೀಕ ಬಹಳ ಕಟ್ಟುನಿಟ್ಟಾ, ಯಾಕೆ ಪದೇ ಪದೇ ಫೋನು ನೋಡುತ್ತೀರಿ ಎಂದು ಒಬ್ಬಳು ಕೇಳಿದಳು. ನನ್ನ ಮಾಲೀಕ ಅರವತ್ತೈದರ ಮುದುಕ, ನನ್ನನ್ನು ತಾಯಿ ಅಂತ ಕರೆಯುತ್ತಾನೆ, ಒಂದು ಮಾತು ಗದರಿದವನಲ್ಲ ಎಂದು ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಕಟ್ಟುನಿಟ್ಟಿನವರಾಗಿದ್ದರೆ ಎಂದೋ ಬಿಟ್ಟು ಓಡುತ್ತಿದ್ದೆ.

ಒಂದು ಸಲ ತಲೆಕೆಟ್ಟು ಫೋನು ಕೋಣೆಯಲ್ಲೇ ಬಿಟ್ಟು ಹೋದೆ. ಮೊಣಕಾಲವರೆಗೆ ನೀರಿನಲ್ಲಿ ನಿಂತೆ, ಕಪ್ಪೆಚಿಪ್ಪು ಆರಿಸಿದೆ, ದಾರಿಯಲ್ಲಿ ಅಕ್ಕಿ ಶ್ಯಾವಿಗೆ ತಿಂದೆ. ಬಂದು ನೋಡಿದರೆ ಮಾವನ ಕಾಲ್‌ಗಳ ಸಾಲು. ಬೆಳಿಗ್ಗೆಯಿಂದ ಮಗ್ಗ ನಿಲ್ಲಿಸಿಕೊಂಡು ಕೂತಿದ್ದರು. ಬೇಜಾರಿನ ಒಂದು ಮಾತೂ ಇಲ್ಲ, ಎಲ್ಲಿಗೆ ಹೋಗಿದ್ದೆ ಎಂದೂ ಕೇಳಲಿಲ್ಲ. “ನೀನು ನೋಡ್ದೆ ಹೆಂಗಮ್ಮ ಮುಂದುಕ್ಕೆ ಹೋಗ್ಲಿ,” ಅಂದರು ಅಷ್ಟೇ. ನಾನು ಒದ್ದೆ ಕಾಲಿನಲ್ಲೇ ನಿಂತು ಫೋನಿನ ಮೇಲೆ ಕೈ ಇಟ್ಟೆ. ಆ ದಿನದಿಂದ ಸ್ನಾನಕ್ಕೆ ಹೋದರೂ ಫೋನು ಬಾಗಿಲ ಹತ್ತಿರ ಇಡುತ್ತಿದ್ದೆ.

ನನ್ನ ಗಂಡ ಸಹನೆಯ ಮನುಷ್ಯ. ಅವರೂ ಒಂದು ದಿನ, ಕಲ್ಯಾಣದುರ್ಗದಲ್ಲಾದರೂ ನೀನು ವಾರಕ್ಕೊಮ್ಮೆ ಹೊರಗೆ ಹೋಗುತ್ತಿದ್ದೆ ಅಂದರು. ನಮ್ಮಿಬ್ಬರಿಗೂ ಅದರ ಮೇಲೆ ಜಗಳವಾಯಿತು. ಕೊನೆಗೆ ಅವರ ಮಾತಿಗೆ ಕಟ್ಟುಬಿದ್ದು ಎರಡು ದಿನ ಬೆಟ್ಟದ ಕಡೆ ಹೋಗಿಬರೋಣ ಎಂದು ಹೊರಟೆವು. ಬಸ್ಸು ತಿರುವು ತಿರುವಾಗಿ ಹತ್ತುತ್ತಿರುವಾಗಲೇ ಮಾವನ ಕಾಲ್ ಬಂತು.

ಅವತ್ತಿನದು ಧಾರೆ ಸೀರೆ. ನಮ್ಮಲ್ಲಿ ರೇಷ್ಮೆ ಸೀರೆಯನ್ನು ಬೋರಲಾಗಿ ನೇಯುತ್ತಾರೆ. ಒಳಮೈ ನೇಕಾರನ ಕಣ್ಣಿಗೆ, ಹೊರಮೈ ನೆಲದ ಕಡೆಗೆ. ಹೊರಮೈ ಹೇಗೆ ಬರುತ್ತಿದೆ ಎಂದು ನೋಡಿಕೊಳ್ಳಲು ಮಗ್ಗದ ಕೆಳಗೆ ಒಂದು ಕನ್ನಡಿ ಇಟ್ಟಿರುತ್ತಾರೆ. ಮಾವ ಯಾವಾಗಲೂ ಬಗ್ಗಿ, ಫೋನನ್ನೇ ಬಟ್ಟೆಯ ಕೆಳಗೆ ತೂರಿಸಿ ತೋರಿಸುತ್ತಿದ್ದರು. ಅವತ್ತು ಸೊಂಟ ಹಿಡಿದಿತ್ತಂತೆ. ಕೂತಲ್ಲಿಂದಲೇ ಫೋನನ್ನು ಕನ್ನಡಿಯ ಕಡೆ ಹಿಡಿದರು. ನನಗೆ ಕಂಡದ್ದು ಬರೀ ಜರಿಯ ಮಾವಿನಕಾಯಿಗಳು, ಕನ್ನಡಿಯ ಚೌಕಟ್ಟು ಕಾಣಲಿಲ್ಲ. ಮಾವಿನ ತುದಿಗಳೆಲ್ಲ ಎಡಕ್ಕೆ ಬಾಗಿದ್ದವು. ಧಾರೆ ಸೀರೆಯಲ್ಲಿ ಅವು ಬಲಕ್ಕೇ ಬಾಗಬೇಕು. ಎಡಕ್ಕೆ ಬಾಗಿದ ಮಾವಿನಕಾಯಿಯ ಸೀರೆಯನ್ನು ನಮ್ಮ ಕಡೆ ಮದುವೆಗೆ ಯಾರೂ ಉಡಿಸುವುದಿಲ್ಲ. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ತಿರುವುಮುರುವಾಗಿದೆ ಮಾವ, ಬಿಚ್ಚಿಬಿಡಿ, ಫೈಲು ತಿರುಗಿಸಿ ಕಳಿಸುತ್ತೇನೆ ಅಂದೆ. “ಸರಿ ಕಣಮ್ಮ, ನೀನು ಯೇಳ್ದಂಗೆ,” ಅಂದರು ಮಾವ. ನಾನು ಬಸ್ಸಿನಲ್ಲೇ ಲ್ಯಾಪ್‌ಟಾಪು ತೆರೆದು ತಿರುಗಿಸಿದ ಫೈಲು ಕಳಿಸಿ, ಇನ್ನೊಮ್ಮೆ ಕರೆಯಬೇಡಿ, ಆಗಲಿ ಎಂದು ಸಂದೇಶ ಹಾಕಿದೆ. ಎರಡು ದಿನ ಬೆಟ್ಟದಲ್ಲಿ ನಿಜವಾಗಿ ಸುತ್ತಾಡಿದೆ.

ಉಗಾದಿಯ ದಿನ ಅತ್ತೆ ವಿಡಿಯೋ ಕಾಲ್ ಮಾಡಿದರು. ಹೋಳಿಗೆಯ ತಟ್ಟೆ ತೋರಿಸಿದರು, ನಿನಗೆ ಅಲ್ಲಿ ಬೇವಾದರೂ ಸಿಕ್ಕಿತಾ ಎಂದು ಕೇಳಿದರು. ನನ್ನ ಕಣ್ಣು ಅವರ ಸೀರೆಯ ಮೇಲಿತ್ತು. ಅರಿಶಿನ ಬಣ್ಣದ ರೇಷ್ಮೆ, ಕುಂಕುಮದ ಅಂಚು, ಮೈತುಂಬ ಜರಿಯ ಮಾವು. ಜೀವಮಾನವೆಲ್ಲ ಗಂಡ ನೇಯ್ದ ಧಾರೆ ಸೀರೆಗಳನ್ನು ಮಡಿಸಿ ಅಂಗಡಿಗೆ ಕಳಿಸಿದ ಹೆಂಗಸು, ತಾನು ಅಂಥದ್ದನ್ನು ಉಟ್ಟದ್ದನ್ನು ನಾನು ಕಂಡಿರಲಿಲ್ಲ. ಮಾವುಗಳು ಎಡಕ್ಕೆ ಬಾಗಿದ್ದವು. ಫೋನು ತಿರುಗಿಸಿ ತೋರಿಸುತ್ತಿದೆಯೇನೋ ಎಂದು ಅವರ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಕ್ಷರಗಳೆಲ್ಲ ನೆಟ್ಟಗಿದ್ದವು.

ಎಲ್ಲಿಯದು ಸೀರೆ ಎಂದು ಕೇಳಿದೆ. ಅಂಗಡಿಯವರು ಬೇಡ ಅಂದರಂತೆ, ನೀನೇ ಉಟ್ಟುಕೋ ಅಂತ ಮಾವ ಕೊಟ್ಟರಂತೆ. ಅತ್ತೆ ಅದನ್ನು ಹೇಳುವಾಗ ನಾಚಿದರು. ನನಗೆ ಬಸ್ಸು, ತಿರುವು, ಚೌಕಟ್ಟು ಕಾಣದ ಕನ್ನಡಿ ಎಲ್ಲ ಒಟ್ಟಿಗೇ ಹೊಳೆಯಿತು. ಕನ್ನಡಿ ಬಲವನ್ನು ಎಡ ಮಾಡಿ ತೋರಿಸಿತ್ತು, ನಾನು ಸರಿಯಾಗಿದ್ದ ಗೇಣನ್ನು ಬಿಚ್ಚಿಸಿ, ಇಡೀ ಸೀರೆಯನ್ನು ತಪ್ಪಾಗಿ ನೇಯಿಸಿದ್ದೆ.

ನಾಚಿಕೆಯಿಂದ ಮುಖ ಕಾದುಹೋಯಿತು. ಸುಳ್ಳು ಯಾಕೆ, ಅದರ ಬೆನ್ನಿಗೇ ಒಂದು ನಿರಾಳವೂ ಬಂತು. ಇಷ್ಟು ದಿನ ನನಗೆ ಸಿಗದೇ ಇದ್ದ ನೆಪ ಸಿಕ್ಕಿತ್ತು. ದೂರದಲ್ಲಿ ಕೂತು ನೋಡಿದರೆ ಹೀಗೇ ಆಗುವುದು, ಇನ್ನು ಮೇಲೆ ನೀವೇ ನೋಡಿಕೊಳ್ಳಿ ಮಾವ ಎಂದು ಹೇಳಬಹುದು. ಯಾರಿಗೂ ನೋವಾಗುವುದಿಲ್ಲ. ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು. ಮಾವನಿಗೆ ಫೋನು ಕೊಡಿ ಅಂದೆ.

ಮಾವ ಹೊಸ ಪಂಚೆ ಉಟ್ಟು ಮಗ್ಗದ ಹತ್ತಿರ ಕೂತಿದ್ದರು. ಹಬ್ಬದ ದಿನ ಮಗ್ಗಕ್ಕೆ ಹೂವು ಮುಡಿಸಿದ್ದರು. ಅದು ಕನ್ನಡಿ ಎಂದು ನಿಮಗೆ ಗೊತ್ತಿರಲಿಲ್ಲವಾ ಎಂದು ಕೇಳಿದೆ. ಗೊತ್ತಿತ್ತು ಅಂದರು. ನಾನು ಹೇಳಿದ್ದು ತಪ್ಪೆಂದೂ ಗೊತ್ತಿತ್ತಾ ಎಂದೆ. ಗೊತ್ತಿತ್ತು ಅಂದರು. ಹಾಗಾದರೆ ಯಾಕೆ ನೇಯ್ದಿರಿ ಮಾವ ಅನ್ನುವಾಗ ನನ್ನ ದನಿ ಜೋರಾಯಿತು.

ಅವರು ಕನ್ನಡಕ ತೆಗೆದು ಹೊಸ ಪಂಚೆಯಿಂದ ಒರೆಸಿದರು.

“ತಪ್ಪು ಅಂತ ನಾನಂದಿದ್ರೆ, ಇನ್ಮ್ಯಾಕೆ ನೀವೇ ನೋಡ್ಕಳ್ಳಿ ಮಾವ ಅಂತಿದ್ದೆ ನೀನು. ಆ ಮಾತು ಕೇಳೋಕಿಂತ ಒಂದು ಸೀರೆ ಕೆಟ್ರೆ ಕೆಡ್ಲಿ ಅಂದ್ಕಂಡೆ ಕಣಮ್ಮ. ಅದೂ ಕೆಟ್ಟಿಲ್ಲ, ನಿಮ್ಮತ್ತೆ ಉಟ್ಟವಳೆ.”

ಒಂದು ಸೀರೆಯ ರೇಷ್ಮೆ, ಜರಿ, ಅಷ್ಟು ದಿನದ ಮೈಮುರಿತ. ಅಂಗಡಿಯವರ ಎದುರು ಪಟ್ಟ ಅವಮಾನ ಬೇರೆ. ಎಲ್ಲವನ್ನೂ ನನ್ನ ಒಂದು ಮಾತನ್ನು ತಡೆಯಲು ಸುರಿದಿದ್ದರು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ಪ್ರೀತಿ ಮಾಡಲು ಇವರಿಗೆ ಯಾರು ಹೇಳಿದ್ದರು ಎಂದು ಸಿಟ್ಟು. ಕಿಟಕಿಯ ಹೊರಗೆ ನನ್ನ ಗಂಡ ಸ್ಕೂಟರಿನ ಮೇಲೆ ಕೂತು, ಬಾ ಎಂದು ಕೈ ಮಾಡುತ್ತಿದ್ದರು. ವೀಸಾ ಮುಗಿಯುತ್ತಾ ಬಂದಿತ್ತು, ಮುಂದಿನ ಊರಿನ ಮನೆ ನೋಡುವ ಕೆಲಸವಿತ್ತು.

ಹಬ್ಬ ಕಳೆದ ಮೇಲೆ ಮಗ್ಗಕ್ಕೆ ಹೊಸ ಹಾಸುನೂಲು ಹೂಡುತ್ತೇನೆ, ಮೊದಲ ಗೇಣು ಯಾವತ್ತಿಗೆ ಇಟ್ಟುಕೊಳ್ಳಲಿ, ನಿನಗೆ ಯಾವಾಗ ಪುರುಸೊತ್ತು ಎಂದು ಮಾವ ಕೇಳಿದರು. ನಾಲಿಗೆಯ ತುದಿಯಲ್ಲಿದ್ದ ಮಾತು ಅಲ್ಲೇ ಇತ್ತು. ಅದನ್ನು ಅವರು ಆಗಲೇ ನನ್ನ ಪರವಾಗಿ ಆಡಿ ಮುಗಿಸಿದ್ದರು, ನನಗೆ ಆಡಲು ಏನೂ ಉಳಿದಿರಲಿಲ್ಲ.

“ಯಾವಾಗಲಾದರೂ ಮಾಡಿ ಮಾವ,” ಅಂದೆ. “ನಾನು ಇಲ್ಲೇ ಇರ್ತೀನಿ.”