ಗೋಡೆಯಲ್ಲಿ ಅತ್ತೆ ಕಂಡ ಭಾನುವಾರ

ನವೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ, ನೋಯ್ಡಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಊಟದ ಮೇಜಿಗೂ ಫ್ರಿಜ್ಜಿಗೂ ನಡುವೆ ನಾನು ನಿಂತಿದ್ದೆ. ಕೈಯಲ್ಲಿ ಚಹಾದ ಟ್ರೇ ಇತ್ತು. ಟಿವಿ ನೇರ ಎದುರಿಗಿತ್ತು, ನಡುವೆ ಯಾರೂ ಅಡ್ಡ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಇಷ್ಟು ವಿವರ ಯಾಕೆಂದರೆ, ಆಮೇಲೆ ನನ್ನ ಮಾವ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ಕನ್ನಡಕ ಹಾಕ್ಕೊಂಡಿದ್ರಾ?" ಎಂದು.

ಕಂಡದ್ದನ್ನು ಹೇಳುವ ಮೊದಲು ಆ ಟಿವಿಯ ಕೆಳಗಿದ್ದ ಡಬ್ಬಿಯ ವಿಷಯ ಹೇಳಬೇಕು. ಮಿಠಾಯಿ ಪೊಟ್ಟಣದಷ್ಟೇ ಗಾತ್ರದ ಕಂಪ್ಯೂಟರ್ ಅದು. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೆ. ಮನೆಯಲ್ಲಿ ಮೂವರಿಗೂ ಅದೇ ಬೇಕಾಗಿತ್ತು. ನನ್ನ ಹೆಂಡತಿ ಅಡುಗೆಮನೆಗಳನ್ನು ವಿನ್ಯಾಸ ಮಾಡುವವಳು, ಅವಳ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲ. ಮಾವ, ಎಂದರೆ ಅವಳ ತಂದೆ, ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕನ್ನಡ ಸಂಘದ ರಾಜ್ಯೋತ್ಸವಕ್ಕಾಗಿ ಹಳೆಯ ಕಾರ್ಯಕ್ರಮಗಳ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದರು. ನನ್ನದು ನನ್ನ ಆಫೀಸಿನ ಕೆಲಸ. ಆದ್ದರಿಂದ ಒಂದೇ ಡಬ್ಬಿಯೊಳಗೆ ಮೂರು ವರ್ಚುವಲ್ ಮಷಿನ್‌ಗಳನ್ನು, ಅಂದರೆ ತೋರಿಕೆಗೆ ಬೇರೆ ಬೇರೆಯಾದ ಮೂರು ಕಂಪ್ಯೂಟರುಗಳನ್ನು ಮಾಡಿಟ್ಟೆ.

ಕಷ್ಟ ಬಂದದ್ದು ಚಿತ್ರಗಳ ವಿಷಯದಲ್ಲಿ. ಅಡುಗೆಮನೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸಲು, ವಿಡಿಯೋ ತಯಾರಿಸಲು ಗ್ರಾಫಿಕ್ಸ್ ಚಿಪ್ ಬೇಕು. ಆ ಡಬ್ಬಿಯಲ್ಲಿ ಇದ್ದದ್ದು ಒಂದೇ, ಅದೂ ಪ್ರೊಸೆಸರಿನ ಒಳಗೇ ಕೂಡಿಕೊಂಡಿರುವ ಚಿಕ್ಕ ಚಿಪ್. ಬೇರೆ ಕಾರ್ಡ್ ಹಾಕೋಣವೆಂದರೆ ಜಾಗವಿಲ್ಲ.

ಮೊದಲ ಸಲ ನಾನು ಇಡೀ ಚಿಪ್ಪನ್ನು ಹೆಂಡತಿಯ ಮಷಿನ್ನಿಗೆ ಬರೆದುಕೊಟ್ಟೆ. ಕೊಟ್ಟ ಕ್ಷಣವೇ ಟಿವಿ ಕಪ್ಪಾಯಿತು. ಒಂದೇ ಚಿಪ್ ಇರುವಾಗ ಅದನ್ನು ಒಳಗಿನವರಿಗೆ ಕೊಟ್ಟರೆ ಹೊರಗಿನ ಲಿನಕ್ಸಿಗೆ ಮುಖ ತೋರಿಸಲು ಏನೂ ಉಳಿಯುವುದಿಲ್ಲ. ಫೋನಿನಿಂದ ಡಬ್ಬಿಯೊಳಗೆ ಹೊಕ್ಕು ಅದನ್ನು ಸರಿಮಾಡುವಾಗ ಮಾವ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ಮುನಿರ್ಕಾದಲ್ಲಿ ನಮ್ಮ ಮಕಾನ್ ಮಾಲೀಕ ಇದ್ದ," ಎಂದರು. "ಒಂದು ಕೋಣೆಗೆ ಪ್ಲೈವುಡ್ ಹೊಡೆದು ನಾಲ್ಕು ಮಾಡಿ ನಾಲ್ಕು ಹುಡುಗರನ್ನ ಇಟ್ಟಿದ್ದ. ಆದ್ರೆ ಅವನೂ ತಾನು ಮಲಗೋ ಕೋಣೇನ ಬಾಡಿಗೆಗೆ ಕೊಡ್ಲಿಲ್ಲ. ನೀವು ಅವನನ್ನೂ ಮೀರಿಸಿದ್ರಿ."

ಹಾಗಾಗಿ ಪ್ಲೈವುಡ್ ದಾರಿಯನ್ನೇ ಹಿಡಿದೆ. ಹೊಸ ಬಗೆಯ ಕೆಲವು ಚಿಪ್ಪುಗಳು ತಮ್ಮನ್ನು ತಾವೇ ಹಲವು ಪಾಲುಗಳಾಗಿ ತೋರಿಸಿಕೊಳ್ಳಬಲ್ಲವು. ಪ್ರತಿ ಮಷಿನ್ನಿಗೂ ಒಂದೊಂದು ಪಾಲು, ಹೊರಗಿನ ಲಿನಕ್ಸಿಗೂ ಅದರದೇ ಜಾಗ. ಆದರೆ ನಮ್ಮ ಚಿಪ್ಪಿಗೆ ಆ ವಿದ್ಯೆಯನ್ನು ಕಲಿಸುವ ಡ್ರೈವರ್ ಎಂಬ ತಂತ್ರಾಂಶ ಲಿನಕ್ಸಿನಲ್ಲಿ ಆಗಿನ್ನೂ ಅಧಿಕೃತವಾಗಿ ಸೇರಿರಲಿಲ್ಲ. ಯಾರೋ ಪುಣ್ಯಾತ್ಮರು ತಿದ್ದಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. 'ನಿಮ್ಮ ಜವಾಬ್ದಾರಿಯ ಮೇಲೆ ಬಳಸಿ' ಎಂಬ ಅರ್ಥದ ಸಾಲನ್ನು ನಾನು ಓದಿದ್ದೆ. ಓದಿಯೇ ಹಾಕಿದೆ.

ಪಾಲಾಗಿದೆ ಎಂದು ತಿಳಿದಾಗ ಮಾವ ಅದನ್ನು ಸರ್ಕಾರಿ ಕ್ವಾರ್ಟರ್ಸ್ ಹಂಚಿಕೆಯಂತೆ ಕಂಡರು. "ಯಾರಿಗೆ ಯಾವ ಟೈಪ್ ಕ್ವಾರ್ಟರ್ಸು? ಸೀನಿಯಾರಿಟಿ ಪ್ರಕಾರ ನನಗೆ ದೊಡ್ಡದು ಬರಬೇಕು."

"ಅಪ್ಪ, ನೀನು ರಿಟೈರ್ ಆಗಿದ್ದೀಯ," ಎಂದಳು ಮಗಳು. "ಕ್ವಾರ್ಟರ್ಸ್ ಖಾಲಿ ಮಾಡ್ಬೇಕು."

"ಖಾಲಿ ಮಾಡದೆ ಇನ್ನೊಂದಷ್ಟು ದಿನ ಇರೋಕೆ ರಿಟೆನ್ಶನ್ ಅಂತ ಒಂದಿರುತ್ತಮ್ಮ. ನಿಮ್ಮಮ್ಮ ಆರ್.ಕೆ. ಪುರಂ ಮನೇಲಿ ಅದರ ಮೇಲೇ ಒಂದು ಬೇಸಿಗೆ ಕಳೆದ್ಳು."

ಅತ್ತೆ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. ಮಾವ ನಮ್ಮ ಜೊತೆಗೆ ಬಂದದ್ದು ಅದಾದ ಮೇಲೆ. ಅವರ ಮಾತಿನಲ್ಲಿ ಅತ್ತೆ ಹೀಗೆ ತಮಾಷೆಯ ನಡುವೆ ಬಂದು ಹೋಗುತ್ತಿದ್ದರು. ಬೇರೆ ರೀತಿಯಲ್ಲಿ ಬರುತ್ತಿರಲಿಲ್ಲ.

ಈಗ ಆ ಭಾನುವಾರ. ನನ್ನ ಹೆಂಡತಿ ದೆಹಲಿಯ ಒಂದು ಶೋರೂಮಿನ ಕೆಲಸ ಬಿಟ್ಟು ಸ್ವಂತಕ್ಕೆ ಶುರುಮಾಡಿದ್ದಳು. ಎದುರಿನ ಟವರಿನ ಒಬ್ಬ ಹೆಂಗಸು ತಮ್ಮ ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿದ್ದರು. ಅವರೇ ಮೊದಲ ಗಿರಾಕಿ, ಅಲ್ಲಿಯವರೆಗೆ ಎರಡನೆಯವರು ಇರಲಿಲ್ಲ. ಶೋರೂಮಿನ ಮಾಲೀಕ ವಾಪಸು ಬಾ ಎಂದು ಫೋನ್ ಮಾಡುತ್ತಲೇ ಇದ್ದ. "ಭಾನುವಾರ ಅವರು ಒಪ್ಪಲಿಲ್ಲ ಅಂದ್ರೆ ಸೋಮವಾರ ಅವನಿಗೆ ಹ್ಞೂಂ ಅಂತೀನಿ," ಎಂದು ಹಿಂದಿನ ದಿನ ಇಡ್ಲಿಹಿಟ್ಟು ಕಲಸುತ್ತ ಹೇಳಿದ್ದಳು. ತಮಾಷೆ ಮಾಡುವವಳು, ಆವತ್ತು ಮಾಡಲಿಲ್ಲ.

ಆದ್ದರಿಂದ ನಾನು ಮಾವನಲ್ಲಿ ಬೇಡಿಕೊಂಡೆ. ಗಿರಾಕಿ ಬರುವ ಹೊತ್ತಿನಲ್ಲಿ ನಿಮ್ಮ ಮಷಿನ್ ಮುಚ್ಚಿರಲಿ, ಚಿಪ್ಪಿನ ಬಲವೆಲ್ಲ ಅವಳಿಗೆ ಸಿಗಲಿ ಎಂದು.

ಬೆಳಿಗ್ಗೆ ಪಾರ್ಕಿಗೆ ಹೊರಟಾಗ ಅವರು, "ಮುಚ್ಚಿದೀನಿ, ನೋಡ್ಕೊಳ್ಳಿ," ಎಂದರು. ನಾನು ಹೋಗಿ ನೋಡಿದೆ. ಅವರ ಕೋಣೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಮುಚ್ಚಿತ್ತು. ಅದರ ಮೇಲೆ ನಾಲ್ಕು ಮಡಿಕೆಯ ಟವಲ್ ಹೊದೆಸಿತ್ತು. ಸೀಟು ಬಿಟ್ಟೇಳುವಾಗ ಟೈಪ್‌ರೈಟರಿಗೆ ಮುಸುಕು ಹಾಕಿ, ಫ್ಯಾನ್ ಆರಿಸಿ ಹೊರಡುವ ಅಭ್ಯಾಸ ಅವರದು. ನನಗೆ ಸಮಾಧಾನವಾಯಿತು.

ಆಗಬಾರದಿತ್ತು. ಆ ಲ್ಯಾಪ್‌ಟಾಪ್ ಬರೀ ಕಿಟಕಿ. ಅದರ ಮೂಲಕ ಅವರು ನೋಡುತ್ತಿದ್ದ ಮಷಿನ್ ಟಿವಿಯ ಕೆಳಗಿನ ಡಬ್ಬಿಯೊಳಗಿತ್ತು. ಕಿಟಕಿ ಮುಚ್ಚಿ ಟವಲ್ ಹೊದೆಸಿದರೆ ಒಳಗಿನವರು ಕೆಲಸ ನಿಲ್ಲಿಸುವುದಿಲ್ಲ. ಆ ಮಷಿನ್ ತನ್ನ ಪಾಲಿನ ಚಿಪ್ಪನ್ನು ಹಿಡಿದುಕೊಂಡು ಮಾವ ಹೊರಡುವ ಮೊದಲು ಒಪ್ಪಿಸಿದ್ದ ಒಂದು ವಿಡಿಯೋವನ್ನು ತಯಾರಿಸುತ್ತಲೇ ಇತ್ತು. ಇದನ್ನು ಕಟ್ಟಿದವನು ನಾನು, ಆದರೂ ಟವಲ್ ನೋಡಿ ನಂಬಿದೆ.

ಎದುರಿನ ಟವರಿನವರು ತಮ್ಮ ಅತ್ತೆಯನ್ನೂ ಕರೆದುಕೊಂಡು ಬಂದರು. ಆ ಹಿರಿಯರು ಗಿಡ್ಡ ಹೆಂಗಸು. ಶಾಲು ಹೊದ್ದು ಸೋಫಾದ ತುದಿಯಲ್ಲಿ ಕೂತರು. ಸೊಸೆಯೇ ಮಾತಾಡುತ್ತಿದ್ದರು: ಕಪಾಟಿನ ಬಣ್ಣ, ಹಿಡಿಕೆಗಳು, ಚಿಮಣಿ. ಕೆಲಸವೆಲ್ಲ ಚೆನ್ನಾಗಿದೆ, ಆದರೂ ಇನ್ನೊಂದು ಕಡೆ ವಿಚಾರಿಸಿ ಹೇಳುತ್ತೇವೆ ಎಂಬ ದನಿ ಅವರಲ್ಲಿ ಆಗಲೇ ಸೇರಿಕೊಂಡಿತ್ತು. ಹಿರಿಯರನ್ನು ಯಾರೂ ಏನೂ ಕೇಳಿರಲಿಲ್ಲ.

ನನ್ನ ಹೆಂಡತಿ ಟಿವಿಯ ಮೇಲೆ ಆ ಅಡುಗೆಮನೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಬಾಗಿಲಿನಿಂದ ಒಳಗೆ, ಸಿಂಕಿನ ಕಡೆಗೆ, ಅಲ್ಲಿಂದ ಒಲೆಯ ಹಿಂದಿನ ಗೋಡೆಗೆ. ಆ ಗೋಡೆಗೆ ಬಿಳಿ ಟೈಲ್ಸ್ ಬರಬೇಕಿತ್ತು. ಟೈಲ್ಸ್ ಬರಲಿಲ್ಲ. ನನ್ನ ಅತ್ತೆ ಬಂದರು.

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಚಿತ್ರ ಚೌಕ ಚೌಕವಾಗಿ ಒಡೆದಿತ್ತು, ಎಡಗಡೆಯ ಕೆಲವು ಚೌಕಗಳು ಜಾಗ ತಪ್ಪಿದ್ದವು. ಬಣ್ಣ ಸರಿಯಿರಲಿಲ್ಲ. ಆದರೆ ಅದು ನನ್ನ ಅತ್ತೆಯೇ, ಬೇರೆ ಯಾರೂ ಅಲ್ಲ. ಯಾವುದೋ ಅಡುಗೆಕಟ್ಟೆಯ ಮುಂದೆ ಅರ್ಧ ತಿರುಗಿ ನಿಂತು, ಕ್ಯಾಮೆರಾ ಹಿಡಿದವರಿಗೆ ಆಚೆ ಹೋಗಿ ಎನ್ನುವಂತೆ ಸೌಟಿನ ಕೈ ಎತ್ತಿದ್ದರು. ಗೋಡೆಯ ಉದ್ದಗಲಕ್ಕೆ ಸರಿಯಾಗಿ ಕೂತಿದ್ದರಿಂದ ಹೊಸ ಒಲೆಯ ಹಿಂದೆಯೇ ನಿಂತಂತಿತ್ತು. ಹೊಸ ಕಟ್ಟೆ ಅವರ ಎದೆಯವರೆಗೆ ಬಂದಿತ್ತು.

ಟ್ರೇಯಲ್ಲಿ ಕಪ್ಪುಗಳು ಸದ್ದು ಮಾಡಿದವು.

ಹೀಗೆ ಆಗುವುದು ಹೇಗೆಂದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು, ಗೊತ್ತಿದ್ದ ಮಾತ್ರಕ್ಕೆ ಕಪ್ಪುಗಳ ಸದ್ದು ನಿಲ್ಲಲಿಲ್ಲ. ಈ ಬಗೆಯ ಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ಮೆಮೊರಿಯಲ್ಲೇ ಜಾಗ ಕಡ ಪಡೆಯುತ್ತದೆ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಒರೆಸಬೇಕು. ನಾನು ತಂದ ಡ್ರೈವರ್ ಎಲ್ಲೋ ಒಂದು ಕಡೆ ಮಾವನ ಮಷಿನ್ ಬಿಟ್ಟ ಜಾಗವನ್ನು ಒರೆಸದೆ ಇವಳ ಮಷಿನ್ನಿಗೆ ಕೊಟ್ಟಿತ್ತು. ಸುಣ್ಣ ಹೊಡೆಸದ ಬಾಡಿಗೆ ಕೋಣೆಯಲ್ಲಿ ಹಿಂದಿನವರ ಕ್ಯಾಲೆಂಡರ್ ಉಳಿದಿರುತ್ತದಲ್ಲ, ಹಾಗೆ.

ಮುಂದಿನದೂ ನನಗೆ ಗೊತ್ತಿತ್ತು. ಅವಳ ಸಾಫ್ಟ್‌ವೇರ್ ನೋಟ ಬದಲಾದಾಗ ಮಾತ್ರ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಮೌಸ್ ಕೂದಲೆಳೆಯಷ್ಟು ಸರಿದರೆ ಟೈಲ್ಸ್ ಬರುತ್ತವೆ, ಅತ್ತೆ ಹೋಗುತ್ತಾರೆ. ಇದು ನನ್ನ ಹೆಂಡತಿಗೂ ಗೊತ್ತಿತ್ತು, ದಿನವೂ ಅದರಲ್ಲೇ ಕೆಲಸ ಮಾಡುವವಳು. ಮೌಸಿನ ಮೇಲೆ ಅವಳ ಕೈ ನಿಂತಿತು. ಗಿರಾಕಿಯ ಮುಂದೆ ಕೆಟ್ಟುಹೋದ ಚಿತ್ರ ಇಟ್ಟುಕೊಂಡು, ಒಂದು ಬೆರಳಿನಲ್ಲಿ ಸರಿಪಡಿಸಬಹುದಾಗಿದ್ದರೂ, ಅವಳು ಕೈ ಅಲ್ಲಾಡಿಸಲಿಲ್ಲ.

"ಯೇ ಆಂಟಿ ಕೌನ್ ಹೈ?" ಎಂದು ಗಿರಾಕಿ ಕೇಳಿದರು.

"ನಮ್ಮಮ್ಮ," ಎಂದಳು ಹೆಂಡತಿ ಕನ್ನಡದಲ್ಲಿ. ಆಮೇಲೆ ಹಿಂದಿಯಲ್ಲಿ ಹೇಳಿದಳು.

"ಅಚ್ಛಾ. ಅಳತೆಗೆ ಅಂತ ನಿಲ್ಲಿಸಿದೀರಾ. ಇದು ಒಳ್ಳೇದಾಯ್ತು. ಬೇರೆಯವರು ಯಾರೂ ಮನುಷ್ಯರನ್ನ ಇಟ್ಟು ತೋರಿಸಲ್ಲ."

ಆಗ ಸೋಫಾದ ತುದಿಯಲ್ಲಿದ್ದ ಹಿರಿಯರು ಶಾಲು ಸರಿಸಿ ಎದ್ದು ಬಂದರು. ಟಿವಿಯ ಹತ್ತಿರ ಹೋಗಿ ನನ್ನ ಅತ್ತೆಯ ಪಕ್ಕದಲ್ಲಿ ನಿಂತರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರದವರಂತೆ ಕಂಡರು.

"ಬೇಟಾ, ಇವರ ಕೈ ನೋಯುತ್ತೆ," ಎಂದರು ಹಿಂದಿಯಲ್ಲಿ. "ಇಷ್ಟು ಎತ್ತರದ ಕಟ್ಟೆ ಮೇಲೆ ರೊಟ್ಟಿ ಲಟ್ಟಿಸೋಕೆ ಆಗಲ್ಲ. ಇವರಿಗೂ ಆಗಲ್ಲ, ನನಗೂ ಆಗಲ್ಲ."

"ಮಮ್ಮೀಜೀ, ಮೊದಲೇ ಹೇಳ್ಬೇಕಲ್ವಾ?" ಎಂದರು ಸೊಸೆ.

"ನೀನು ಚಿಮಣಿ ವಿಷಯ ಮುಗಿಸಿದ್ರೆ ಹೇಳ್ತಿದ್ದೆ."

ನನ್ನ ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಳು. ತನ್ನ ಅಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಯಾವಾಗಲೂ ಒಂದು ಮಣೆಯ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳೆಂದು, ಅದನ್ನು ದಿನವೂ ನೋಡಿ ಬೆಳೆದ ತಾನು ಈ ಕಟ್ಟೆಗೆ ಎಲ್ಲರಿಗೂ ಹಾಕುವ ಎತ್ತರವನ್ನೇ ಹಾಕಿದೆನೆಂದು. "ಒಂದು ಕಡೆ ತಗ್ಗಿಸ್ತೀನಿ," ಎಂದಳು. "ಒಲೆಯ ಎಡಕ್ಕೆ, ಲಟ್ಟಿಸುವ ಜಾಗ ಮಾತ್ರ. ನಿಮ್ಮ ಮೊಣಕೈ ಅಳತೆ ತಗೋತೀನಿ."

ಅಳತೆ ತೆಗೆಯಬೇಕೆಂದರೆ ಏಳಬೇಕು. ಏಳಬೇಕೆಂದರೆ ಮೌಸ್ ಬಿಡಬೇಕು. ಅವಳು ಕೈಯನ್ನು ನೇರ ಮೇಲಕ್ಕೆ, ಬಿಸಿ ಪಾತ್ರೆಯಿಂದ ತೆಗೆಯುವ ಹಾಗೆ ಎತ್ತಿದಳು. ಚಿತ್ರ ಉಳಿಯಿತು. ಟೇಪು ಹಿಡಿದು ಹಿರಿಯರ ಅಳತೆ ತೆಗೆದಳು. ಇಬ್ಬರೂ ಅತ್ತೆಯ ಮುಂದೆಯೇ ನಿಂತಿದ್ದರು. ಆಮೇಲೆ ಗಿರಾಕಿ, "ಉಳಿದದ್ದು ತೋರಿಸಿ, ಫೈನಲ್ ಮಾಡೇಬಿಡೋಣ," ಎಂದರು. ಹೆಂಡತಿ ಕೂತಳು. ನನ್ನ ಕಡೆ ಒಂದು ಸಲ ನೋಡಿದಳು. ಮೌಸ್ ಸರಿಸಿದಳು. ಬಿಳಿ ಟೈಲ್ಸ್ ಬಂದವು.

ಚಹಾ ತಣ್ಣಗಾಗಿತ್ತು. ಯಾರೂ ದೂರಲಿಲ್ಲ.

ಮಾವ ಪಾರ್ಕಿನಿಂದ ಬಂದಾಗ ಎದುರಿನ ಟವರಿನವರು ಹೊರಟುಹೋಗಿದ್ದರು. ಕೆಲಸ ಸಿಕ್ಕಿತೆಂದು ಮಗಳು ಹೇಳಿದಳು, ಸಿಕ್ಕಿದ್ದು ಹೇಗೆಂದೂ ಹೇಳಿದಳು. ಮಾವ ಷೂ ಬಿಚ್ಚುತ್ತಿದ್ದವರು ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟರು. ಅವರು ತಯಾರಿಸಲು ಬಿಟ್ಟಿದ್ದ ವಿಡಿಯೋ ಸಂಘದ್ದಲ್ಲ. ಸಂಘದ ಟೇಪುಗಳ ನಡುವೆ ಸಿಕ್ಕಿದ್ದ ಮನೆಯ ಟೇಪು. ಯಾರೋ ನೆಂಟರು ಕ್ಯಾಮೆರಾ ತಂದಿದ್ದಾಗ ತೆಗೆದದ್ದು.

"ನನ್ನ ಕರೀಬಾರದಿತ್ತಾ?" ಎಂದರು.

"ಹೇಗೆ ಕರೀಲಪ್ಪ? ಮೌಸ್ ಹಿಡ್ಕೊಂಡು ಕೂತಿದ್ದೆ."

"ಇವರು?"

"ಇವರು ಟ್ರೇ ಹಿಡ್ಕೊಂಡು ಗಡಗಡ ಅಂತಿದ್ರು."

ಆಗ ಶುರುವಾಯಿತು ವಿಚಾರಣೆ. ಕನ್ನಡಕ ಇತ್ತೇ, ಎಷ್ಟು ದೂರ, ಯಾವ ಕೈ ಎತ್ತಿದ್ದಳು, ಸೀರೆ ಯಾವುದು. ನಾನು ನೀಲಿ ಎಂದೆ. ಹೆಂಡತಿ ಹಸಿರು ಎಂದಳು. "ಇಬ್ಬರೂ ಸುಳ್ಳು ಸಾಕ್ಷಿ," ಎಂದರು ಮಾವ. "ಅದು ಅರಿಸಿನ ಬಣ್ಣದ್ದು. ಕರೋಲ್‌ಬಾಗಿನಲ್ಲಿ ನಾನೇ ತಂದದ್ದು, ಸೆರಗು ಚೆನ್ನಾಗಿಲ್ಲ ಅಂದಿದ್ಳು." ಚಿಪ್ಪು ಚಿತ್ರದ ಬಣ್ಣವನ್ನು ಬೇರೆ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ, ಓದುವವರು ಬದಲಾದರೆ ಬಣ್ಣವೂ ಬದಲಾಗುತ್ತದೆ ಎಂದು ನಾನು ವಿವರಿಸಹೊರಟೆ. ಅವರು ಕೈ ಎತ್ತಿ ತಡೆದರು. ಸೌಟಿಲ್ಲ ಎನ್ನುವುದೊಂದು ಬಿಟ್ಟರೆ ಅತ್ತೆ ಎತ್ತಿದ್ದ ಹಾಗೆಯೇ.

ವಿಡಿಯೋವನ್ನು ಅವರು ಆ ಸಂಜೆ ನಮಗೆ ಪೂರ್ತಿಯಾಗಿ ತೋರಿಸಿದರು. ಸೀರೆ ಅರಿಸಿನ ಬಣ್ಣದ್ದೇ. ಅತ್ತೆ ಮಣೆಯ ಮೇಲೇ ನಿಂತಿದ್ದಾರೆ.

ಡ್ರೈವರನ್ನು ನಾನು ಆ ವಾರವೇ ಬದಲಿಸಿದೆ. ಒಬ್ಬರ ಚಿತ್ರ ಇನ್ನೊಬ್ಬರ ಗೋಡೆಯಲ್ಲಿ ಕಾಣುವುದು ತಪ್ಪು, ನಾಳೆ ನನ್ನ ಆಫೀಸಿನ ಕಾಗದವೂ ಕಾಣಬಹುದು. ಬದಲಿಸುವ ಮೊದಲು, ಬಾಡಿಗೆ ಕೋಣೆಯ ಆ ಹೋಲಿಕೆ ಹೇಳಿ, ಇಬ್ಬರನ್ನೂ ಕೇಳಿದೆ. ಹೆಂಡತಿ ಅಪ್ಪನ ಕಡೆ ತೋರಿಸಿದಳು. ಮಾವ, "ಸುಣ್ಣ ಹೊಡೆಸಿ," ಎಂದರು. "ಖಾಲಿ ಮಾಡಿದ ಮೇಲೆ ಹೊಡೆಸಲೇಬೇಕು." ಆಮೇಲೆ ಅಂಥದ್ದು ಮತ್ತೆ ಕಾಣಲಿಲ್ಲ. ಆದರೂ ಮಾವ ಲ್ಯಾಪ್‌ಟಾಪ್ ಮುಚ್ಚಿ ಟವಲ್ ಹೊದೆಸಿ ಹೊರಟಾಗ, ಒಳಗಿನ ಮಷಿನ್ನನ್ನು ನಿಲ್ಲಿಸಿದ್ದಾರೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಗಿರಾಕಿಗಳು ಬರುವ ದಿನ ನಾನೇ ನಿಲ್ಲಿಸುತ್ತೇನೆ.

ಅಂದು ಅದನ್ನು ಕಂಡವರು ನಾಲ್ವರು. ನಾನೊಬ್ಬ. ನನ್ನ ಹೆಂಡತಿ, ಈಗಲೂ ಹಸಿರು ಎನ್ನುತ್ತಾಳೆ. ಎದುರಿನ ಟವರಿನ ಸೊಸೆ, ಅವರು ತಮ್ಮ ಪರಿಚಯದವರಿಗೆಲ್ಲ ಅಳತೆಗೆ ಅಮ್ಮನನ್ನು ನಿಲ್ಲಿಸಿ ತೋರಿಸುವ ಡಿಸೈನರ್ ಎಂದು ಇವಳ ನಂಬರು ಕೊಡುತ್ತಿದ್ದಾರೆ. ಮತ್ತೆ ಅವರ ಅತ್ತೆ, ತಗ್ಗಿಸಿದ ಕಟ್ಟೆಯ ಮೇಲೆ ಮಣೆ ಇಲ್ಲದೆ ರೊಟ್ಟಿ ಲಟ್ಟಿಸುತ್ತಾರೆ. ಬೇಕಾದವರು ಹೋಗಿ ಕೇಳಬಹುದು, ನಾಲ್ವರೂ ಇದ್ದೇವೆ. ಮಾವನೂ ಇದ್ದಾರೆ, ಆದರೆ ಅವರು ಅದನ್ನು ಕಾಣಲಿಲ್ಲ. ಪಾರ್ಕಿನಲ್ಲಿದ್ದರು.